ಗಿಟಾರಿಗೆ ಕನ್ನಡ ಒಗ್ಗದೇ?

ಕಾವ್ಯವನ್ನೂ ಯಕ್ಷಗಾನ ಪ್ರಸಂಗಗಳನ್ನೂ ಕುರಿತು ಬರೆಯುತ್ತ ಬಂದವನು ಈ ಸಲ ರಾಕ್ ಮತ್ತು ಮೆಟಲ್ ಸಂಗೀತದ ಮಾತೆತ್ತಿದರೆ ಓದುಗರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ‘ಅದು ಸಂಗೀತವೋ ಗದ್ದಲವೋ’ ಎಂದು ನಾನೂ ಬಹುಕಾಲ ಕೇಳುತ್ತಿದ್ದವನೇ. 2025ರ ಜುಲೈ 22ರಂದು ಇಂಗ್ಲೆಂಡಿನ ಗಾಯಕ ಓಝಿ ಆಸ್ಬರ್ನ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಮಗಳು ಫೋನಿನಲ್ಲಿ ಗದ್ಗದಿತಳಾದಳು. ಹತ್ತನೆಯ ತರಗತಿಯವರೆಗೆ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲೇ ಕಲಿತ ಹುಡುಗಿ ಅವಳು. ಎಲ್ಲಿಯದೋ ಬರ್ಮಿಂಗ್‌ಹ್ಯಾಮಿನವನಿಗಾಗಿ ಅಳುವುದೆಂದರೇನು? ತಿಳಿಯಬೇಕೆನಿಸಿತು. ಅವಳು ಪಟ್ಟಿಮಾಡಿ ಕಳುಹಿಸಿದ ಹಾಡುಗಳನ್ನು ಮಳೆಗಾಲ ಪೂರ್ತಿ ಕೇಳಿದೆ. ಈಗಲೂ ಕೇಳುತ್ತಿದ್ದೇನೆ. ಕೇಳಿದ್ದರಿಂದ ಹುಟ್ಟಿದ ಕೆಲವು ಯೋಚನೆಗಳು ಇಲ್ಲಿವೆ.

ಪಟ್ಟಿಯಲ್ಲಿ ಮೊದಲಿದ್ದದ್ದು ಓಝಿಯ ತಂಡವಾದ ಬ್ಲ್ಯಾಕ್ ಸಬ್ಬತ್ 1970ರ ಫೆಬ್ರವರಿಯಲ್ಲಿ ಹೊರತಂದ ಮೊದಲ ಆಲ್ಬಂ. ಬರ್ಮಿಂಗ್‌ಹ್ಯಾಮಿನ ಆಸ್ಟನ್ ಎಂಬ ಕಾರ್ಖಾನೆಗಳ ಬಡಾವಣೆಯಿಂದ ಬಂದ ನಾಲ್ವರು ಯುವಕರು. ಗಿಟಾರ್ ನುಡಿಸುವ ಟೋನಿ ಅಯೋಮಿ ಹದಿನೇಳರ ಹರೆಯದಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಲುಕಿ ಬಲಗೈಯ ಎರಡು ಬೆರಳುಗಳ ತುದಿ ಕತ್ತರಿಸಿಹೋಯಿತು. ಆತ ಎಡಚ, ತಂತಿ ಒತ್ತಬೇಕಾದದ್ದು ಬಲಗೈಯೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗಳನ್ನು ತಾನೇ ಮಾಡಿಕೊಂಡ, ತೆಳುವಾದ ತಂತಿ ಹಾಕಿದ, ಮುಂದೆ 1971ರ ಆಲ್ಬಮಿನಲ್ಲಿ ಶ್ರುತಿಯನ್ನೇ ಇಳಿಸಿ ತಂತಿ ಸಡಿಲಿಸಿದ. ಹೆವಿ ಮೆಟಲ್ ಎಂದು ಜಗತ್ತು ಕರೆಯುವ ಆ ಭಾರವಾದ, ಮಂದ್ರದ ನಾದಕ್ಕೆ ಈ ಗಾಯಗೊಂಡ ಕೈಯ ಪಾಲು ದೊಡ್ಡದು. ಕೊರತೆಯನ್ನು ಮರೆಮಾಚದೆ ಅದರಿಂದಲೇ ಶೈಲಿಯೊಂದನ್ನು ಕಟ್ಟಿಕೊಂಡವನೆಂದು ತಿಳಿದ ಮೇಲೆ ಗದ್ದಲವೆಂಬ ಮಾತು ನನ್ನ ನಾಲಗೆಗೆ ಬರಲಿಲ್ಲ.

ತಂಡದ ಹೆಸರನ್ನೇ ಹೊತ್ತ ಆ ಮೊದಲ ಹಾಡು ಮಳೆ, ಗುಡುಗು, ಗಂಟೆಯ ಸದ್ದಿನಿಂದ ಆರಂಭವಾಗಿ ಬಳಿಕ ಮೂರೇ ಸ್ವರಗಳ ಮೇಲೆ ನಿಲ್ಲುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ಮೇಲಿನ ಷಡ್ಜ, ಮತ್ತೆ ಇಳಿದು ಪ್ರತಿಮಧ್ಯಮ. ಪಾಶ್ಚಾತ್ಯರು ಈ ಅಂತರಕ್ಕೆ ಸೈತಾನನ ಹೆಸರನ್ನಿಟ್ಟಿದ್ದಾರೆ. ಅದೇ ಪ್ರತಿಮಧ್ಯಮ ನಮ್ಮ ಕಲ್ಯಾಣಿ ರಾಗದ ಜೀವ. ಹೆಸರೇ ಹೇಳುವಂತೆ ನಮಗದು ಮಂಗಳಕರ. ಒಂದೇ ಸ್ವರ ಅಲ್ಲಿ ಭಯ, ಇಲ್ಲಿ ಶುಭ. ಸ್ವರಕ್ಕೆ ತನ್ನದೇ ಆದ ಊರಿಲ್ಲ. ಸುತ್ತಲಿನ ನುಡಿಯೂ ರೂಢಿಯೂ ಅದಕ್ಕೆ ಊರು ಕೊಡುತ್ತವೆ. ಹಾಗಿದ್ದರೆ ಈ ಸಂಗೀತಕ್ಕೆ ಕನ್ನಡ ಊರು ಕೊಟ್ಟಿದೆಯೇ?

ಈ ಪ್ರಶ್ನೆ ಏಳಲು ಕಾರಣ ನೆರೆಮನೆಯ ಮಲಯಾಳಿ ಹುಡುಗ. ಮಗಳು ರಜೆಯಲ್ಲಿ ಬಂದಿದ್ದಾಗ ಅವನು ‘ಅವಿಯಲ್’ ತಂಡದ ಅದೇ ಹೆಸರಿನ, 2008ರ ಆಲ್ಬಮನ್ನು ನಮಗೆ ಕೇಳಿಸಿದ. ವಿದ್ಯುತ್ ಗಿಟಾರು, ಡ್ರಮ್ಮು ಎಲ್ಲ ಇದ್ದೂ ಅದು ಅಚ್ಚ ಮಲಯಾಳ. ‘ನಡ ನಡ’ ಎಂಬ ಹಾಡಿನ ಹೆಸರು ಗಡಿಯ ಕನ್ನಡಿಗನಿಗೆ ಅನುವಾದವಿಲ್ಲದೆಯೇ ‘ನಡೆ ನಡೆ’ ಎಂದು ಕೇಳಿಸುತ್ತದೆ. ಇಂಗ್ಲಿಷಿನ ಮಾದರಿಗೆ ಮಲಯಾಳದ ಬಟ್ಟೆ ತೊಡಿಸಿದ ಭಾವನೆ ಎಲ್ಲೂ ಬರುವುದಿಲ್ಲ. ಕೇಳಿ ಮುಗಿದ ಮೇಲೆ ಅವನು ಸಹಜವಾಗಿ ಕೇಳಿದ: ‘ಕನ್ನಡದಲ್ಲಿ ಇಂಥದ್ದು ಯಾವುದಿದೆ?’ ಮಗಳು ನನ್ನ ಮುಖ ನೋಡಿದಳು.

ಭಾರತದಲ್ಲಿ ರಾಕ್ ಸಂಗೀತದ ರಾಜಧಾನಿ ಯಾವುದೆಂದರೆ ಬಹಳ ಮಂದಿ ಬೆಂಗಳೂರನ್ನೇ ಹೆಸರಿಸುತ್ತಾರೆ. ಅಲ್ಲಿನ ಅರಮನೆ ಮೈದಾನದಲ್ಲಿ 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಹಾಡಿ ಹೋದವು. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರಿಪ್ಟೋಸ್ ಯುರೋಪಿನ ವೇದಿಕೆಗಳಲ್ಲಿ ನುಡಿಸಿ ಮನ್ನಣೆ ಪಡೆದಿದೆ, ಹಾಡುವುದು ಇಂಗ್ಲಿಷಿನಲ್ಲಿ. ಕನ್ನಡದ ರಾಜಧಾನಿಯಲ್ಲಿ ಈ ಸಂಗೀತ ಮಾತಾಡುವ ಭಾಷೆ ಹೆಚ್ಚಾಗಿ ಕನ್ನಡವಲ್ಲ.

ಮಗಳು ಕೊನೆಗೆ ಕೇಳಿಸಿದ್ದು ರಘು ದೀಕ್ಷಿತರನ್ನು. 2008ರ ಅವರ ಮೊದಲ ಆಲ್ಬಮಿನಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’ ಇವೆ. ಹುಡುಗ ತಲೆದೂಗಿದ. ನನಗೂ ಅವು ಪ್ರಿಯವೇ. ಕನ್ನಡ ತತ್ತ್ವಪದವನ್ನು ಕಾಲೇಜು ಹುಡುಗರ ಬಾಯಿಗೆ ಮರಳಿಸಿದ ಕೀರ್ತಿ ಅವರದು. ಆದರೆ ವಿಮರ್ಶಕನಾಗಿ ಒಂದು ಮಾತು ಹೇಳಲೇಬೇಕು. ಶರೀಫರು ತೀರಿಕೊಂಡದ್ದು 1889ರಲ್ಲಿ. ಹೊಸ ವಾದ್ಯಕ್ಕೆ ಹಳೆಯ ಪದ ಕೂಡಿಸುವುದು ಒಳ್ಳೆಯ ಆರಂಭ. ಅಲ್ಲಿಯೇ ನಿಂತರೆ ಕನ್ನಡಕ್ಕೆ ಗೌರವದ ಸ್ಥಾನ ಸಿಕ್ಕೀತು, ಇಂದಿನ ಮಾತು ಸಿಗದು. ನಮ್ಮ ಕಾಲದ ಸಿಟ್ಟು, ಒಂಟಿತನ, ಊರು ಬಿಟ್ಟ ದುಃಖ ಇವನ್ನು ಹೇಳಲು ಈ ಹೊಡೆತಕ್ಕೆಂದೇ ಬರೆದ ಹೊಸ ಕನ್ನಡ, ನಾನು ಕೇಳಿದಷ್ಟರಲ್ಲಿ, ಬಲು ವಿರಳ.

ಇದಕ್ಕೆ ಸಮಾಧಾನವೊಂದನ್ನು ಹೇಳುವವರಿದ್ದಾರೆ: ಕನ್ನಡದ ಪದಗಳೆಲ್ಲ ಸ್ವರಾಂತ, ನುಡಿ ಮೃದು, ಗಿಟಾರಿನ ಕತ್ತರಿಸಿದಂಥ ಪೆಟ್ಟಿಗೆ ಅದು ಒಗ್ಗದು. ನಾನೂ ಅರ್ಧ ನಂಬಿದ್ದೆ. ಮಗಳ ಪಟ್ಟಿಯಲ್ಲಿದ್ದ ನ್ಯೂಜಿಲೆಂಡಿನ ‘ಏಲಿಯನ್ ವೆಪನ್ರಿ’ ಎಂಬ ತಂಡವನ್ನು ಕೇಳಿದ ಮೇಲೆ ಆ ನಂಬಿಕೆ ಹೋಯಿತು. ಲೂಯಿಸ್ ಮತ್ತು ಹೆನ್ರಿ ಡಿ ಯಾಂಗ್ ಎಂಬ ಸಹೋದರರು ಎಳೆಯ ಹುಡುಗರಾಗಿದ್ದಾಗಲೇ ಕಟ್ಟಿದ ತಂಡವಿದು. ಅವರ ಮೊದಲ ಕಲಿಕೆ ಮಾವೊರಿ ಮಾಧ್ಯಮದ ಶಾಲೆಯಲ್ಲಿ. 2018ರಲ್ಲಿ ಬಂದ ‘ಟೂ’ ಆಲ್ಬಮಿನಲ್ಲಿ ಮಾವೊರಿ ನುಡಿಯ ಮೆಟಲ್ ಇದೆ; ಅದರ ‘ರೌಪಾತು’ ಎಂಬ ಹಾಡು, ಮಾವೊರಿಗಳ ಭೂಮಿಯನ್ನು ಕಸಿದುಕೊಳ್ಳಲು 1863ರಲ್ಲಿ ಮಾಡಿದ ಕಾನೂನನ್ನು ಕುರಿತದ್ದು. ಮಾವೊರಿಯಲ್ಲಿ ಪದವೇಕೆ, ಪ್ರತಿಯೊಂದು ಅಕ್ಷರವೂ ಸ್ವರದಲ್ಲೇ ಮುಗಿಯುತ್ತದೆ. ಆ ಭಾಷೆಗೆ ಒಗ್ಗಿದ್ದು ನಮ್ಮದಕ್ಕೆ ಏಕೆ ಒಗ್ಗದು? ಕಟ್ಟು, ಮೆಟ್ಟು, ಸಿಟ್ಟು, ಪೆಟ್ಟು ಎನ್ನುವಾಗಿನ ಒತ್ತಕ್ಷರದ ಬಿಗಿ ನಮಗೆ ಹೆಚ್ಚುವರಿಯಾಗಿಯೇ ಇದೆ. ಅಲ್ಪಸಂಖ್ಯಾತರ ಭಾಷೆಯ ಶಾಲೆಯೊಂದರಿಂದ ಹೊರಟ ಹುಡುಗರು ಆ ಭಾಷೆಯನ್ನು ಜಗತ್ತಿನ ವೇದಿಕೆಗೆ ಒಯ್ದರೆಂಬುದನ್ನು, ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಲು ಹಿಂದೆಮುಂದೆ ನೋಡುವ ನಮ್ಮ ಮನೆಗಳು ಗಮನಿಸಬೇಕು.

ಲಯದ ಮಾತೂ ಹಾಗೆಯೇ. ರಾಕ್ ಹೆಚ್ಚಾಗಿ ನಾಲ್ಕರ ಎಣಿಕೆಯದು, ನಿಜ. ಆದರೆ ಪಿಂಕ್ ಫ್ಲಾಯ್ಡ್ ತಂಡದ 1973ರ ‘ಮನಿ’ ಹಾಡನ್ನು ಬೆರಳು ಮಡಿಸಿ ಎಣಿಸಿದರೆ ಏಳು ಬರುತ್ತದೆ. ಕುಮಾರವ್ಯಾಸನ ಭಾಮಿನಿಯ ಮೂರು-ನಾಲ್ಕರ ನಡಿಗೆಯೂ ಏಳೇ. ಪಾಶ್ಚಾತ್ಯ ತಂಡಗಳು ಪ್ರಯೋಗವೆಂದು ಎತ್ತಿಕೊಳ್ಳುವ ಎಣಿಕೆ, ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಬೆಳೆದ ಕಿವಿಗೆ ರಾತ್ರಿಯಾಟದಲ್ಲೇ ರೂಢಿಯಾಗಿರುತ್ತದೆ. ಹಾಗೆಂದು ‘ಮೆಟಲ್ ಎಂದರೆ ನಮ್ಮ ಚೆಂಡೆಯೇ’ ಎಂದು ಬೀಗುವುದು ಬೇಡ. ಚೆಂಡೆ ವೇಷವನ್ನು ಕುಣಿಸುತ್ತದೆ, ಕಥೆಯ ಸೇವೆ ಮಾಡುತ್ತದೆ. ಮೆಟಲ್ ಹಾಡುವವನು ತನ್ನ ಎದೆಯನ್ನೇ ಹೇಳುತ್ತಾನೆ. ಹೋಲಿಕೆ ಕಂಡು ತೃಪ್ತರಾದರೆ ಹಾಡು ಹುಟ್ಟುವುದಿಲ್ಲ.

ಕನ್ನಡ ಇಂಥ ಕವಲಲ್ಲಿ ಹಿಂದೆಯೂ ನಿಂತಿತ್ತು. 1911ರಲ್ಲಿ ನಮ್ಮದೇ ಮಂಜೇಶ್ವರದ ಗೋವಿಂದ ಪೈಗಳು ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಬರೆದಾಗ ಕಾವ್ಯವೇ ಕೆಟ್ಟಿತೆಂದವರಿದ್ದರು. 1926ರಲ್ಲಿ ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಬಂತು. ಪರಭಾಷೆಯ ಹಾಡಿನ ಧಾಟಿಯಿಂದ ಕಲಿತು, ಕನ್ನಡದ ಮಾತ್ರೆಗಳಲ್ಲಿ ಹೊಸ ಜೋಡಣೆ ಮಾಡಿ ಅವರು ದಾರಿ ತೆರೆದರು. ನಾವು ಇಂದು ಅಪ್ಪಟ ಕನ್ನಡವೆಂದು ಹಾಡುವ ಭಾವಗೀತೆ ಆ ದಾರಿಯಲ್ಲಿ ಬಂದದ್ದು. ರಾಕ್ ಸಂಗೀತ ಕನ್ನಡಕ್ಕೆ ಬಂದಿದೆ, ಅದಕ್ಕೊಬ್ಬ ಬಿ.ಎಂ.ಶ್ರೀ ಬಂದಿಲ್ಲ. ತಪ್ಪು ವಾದ್ಯದ್ದಲ್ಲ, ನುಡಿಯದ್ದೂ ಅಲ್ಲ. ಅದನ್ನು ತಮ್ಮ ಕೆಲಸವೆಂದುಕೊಳ್ಳದ ನಮ್ಮ ಕವಿಗಳದ್ದು. ಅದನ್ನು ಕಿವಿಗೊಟ್ಟು ಕೇಳದ ನನ್ನಂಥ ವಿಮರ್ಶಕರದ್ದು.

ಗಡಿಯಲ್ಲಿರುವ ನಮಗೆ ಇದು ಬರಿಯ ಅಭಿರುಚಿಯ ಪ್ರಶ್ನೆಯಲ್ಲ. ಶಾಲೆಗೆ, ಅರ್ಜಿಗೆ, ಅಟ್ಟದ ಪುಸ್ತಕಕ್ಕೆ ಮಾತ್ರ ಕನ್ನಡ ಉಳಿದು, ಮಕ್ಕಳ ಸಿಟ್ಟಿಗೂ ಅಳುವಿಗೂ ಬೇರೆ ಭಾಷೆಯೇ ಬೇಕಾದರೆ ಯಾವ ಹೋರಾಟವೂ ಅದನ್ನು ಮನೆಯೊಳಗೆ ಉಳಿಸಲಾರದು. ಮಗಳು ಕಳೆದ ತಿಂಗಳು ತಾನು ಬರೆದ ಹನ್ನೆರಡು ಸಾಲು ಕಳುಹಿಸಿದ್ದಾಳೆ, ಏಳರ ಎಣಿಕೆಯಲ್ಲಿ. ನೆರೆಯ ಹುಡುಗ ಅದಕ್ಕೆ ಗಿಟಾರ್ ಕೂಡಿಸಲು ನೋಡುತ್ತಿದ್ದಾನೆ. ಎರಡು ಕಡೆ ಮಾತ್ರೆ ತಪ್ಪಿದೆ. ನಾನಿನ್ನೂ ಹೇಳಿಲ್ಲ.