ಒತ್ತಕ್ಷರದ ಬಣ್ಣ: ಜನಪದ ಪಠ್ಯಸಂಪಾದನೆಯ ಒಂದು ತೊಡಕು

ತಿಕೋಟಾ ತಾಲೂಕಿನ ಕನಮಡಿ ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಈ ಸೀಮೆಯ ಆಡುನುಡಿಯಲ್ಲಿ ‘ಮಾಡ್ಯಾನ’ ಎಂದರೆ ಮಾಡಿದ್ದಾನೆ, ‘ಮಾಡ್ತಾನ’ ಎಂದರೆ ಮಾಡುತ್ತಾನೆ. ಬರಹದಲ್ಲಿ ಇವೆರಡರ ಅಂತರವೆಲ್ಲ ‘ಡಾ’ದ ಅಡಿಯ ಒತ್ತಿನಲ್ಲಿದೆ. ಕಾಲವನ್ನು ಸೂಚಿಸುವುದು ಆ ಒತ್ತು. ಮೇಲಿನ ದೀರ್ಘವು ‘ಆನ’ ಎಂಬ ಪುರುಷಪ್ರತ್ಯಯದ ಮೊದಲ ಸ್ವರ. ಸಂಪಾದಕನು ಇದನ್ನು ‘ಮಾಡಿದ್ದಾನೆ’ ಎಂದು ತಿದ್ದಿದರೆ ತ್ರಿಪದಿಯ ಗಣ ಕೆಡುತ್ತದೆ. ತಿದ್ದದೆ, ಒತ್ತಿಗಷ್ಟೇ ಕೆಂಪು ಕೊಟ್ಟು ತೋರಿಸುವುದು ಲೇಸು. ಶಿಥಿಲದ್ವಿತ್ವವನ್ನು ಗುರುತಿಸಲೂ ಇದು ಉಪಯುಕ್ತ.

ಕಾಗದದ ಮೇಲೆ ಇದು ಎರಡು ಲೇಖನಿಗಳ ಕೆಲಸ. ಗಣಕದಲ್ಲಿ ಹಾಗಲ್ಲ. ಯೂನಿಕೋಡ್ ‘ಡ್ಯಾ’ವನ್ನು ಡಕಾರ, ವಿರಾಮಚಿಹ್ನೆ, ಯಕಾರ, ದೀರ್ಘಚಿಹ್ನೆ ಎಂಬ 4 ಸಂಕೇತಗಳಾಗಿ, ಉಚ್ಚಾರದ ಕ್ರಮದಲ್ಲಿ ಇರಿಸುತ್ತದೆ, ಒತ್ತಿನ ಆಕಾರ ಮೂಡುವುದು ತೆರೆಯ ಮೇಲೆ ಜೋಡಣೆಯಾಗುವಾಗ. ಯಕಾರಕ್ಕೆ ಬಣ್ಣ ಕೊಟ್ಟೊಡನೆ ಹಲವು ತಂತ್ರಾಂಶಗಳು ಪಠ್ಯವನ್ನು ಅಲ್ಲಿಯೇ ತುಂಡರಿಸಿ, ತುಂಡುಗಳನ್ನು ಬೇರೆಬೇರೆಯಾಗಿ ಜೋಡಿಸುತ್ತವೆ. ಆಗ ಉಳಿಯುವುದು ‘ಮಾಡ್‌ಯಾನ’. ಇನ್ನು ಕೆಲವು, ಕೂಡಿದ ಅಕ್ಷರದ ಅಗಲವನ್ನು ಎಡದಿಂದ ಬಲಕ್ಕೆ ಪಾಲು ಮಾಡಿ ಬಣ್ಣ ಬಳಿಯುತ್ತವೆ. ರೋಮನ್ ಲಿಪಿಯ ‘ಎಫ್’, ‘ಐ’ಗಳ ಕೂಡಕ್ಷರಕ್ಕೆ ಅದು ಸಾಕಾದೀತು. ಕೆಳಗೆ ಇಳಿಯುವ ನಮ್ಮ ಒತ್ತಿಗೆ ಅಡ್ಡಸಾಲಿನ ಈ ತರ್ಕ ಒಗ್ಗದು.

ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಈ ಕಷ್ಟವಿರಲಿಲ್ಲವೆಂಬುದು ಸೋಜಿಗ. ಅಲ್ಲಿ ಒತ್ತಿಗೆ ತನ್ನದೇ ಸಂಕೇತವಿತ್ತು. ಅದನ್ನಷ್ಟೇ ಆಯ್ದು ಕೆಂಪಾಗಿಸಬಹುದಿತ್ತು. ಆದರೆ ಆ ಸಂಕೇತಗಳು ಆಕಾರವನ್ನು ದಾಖಲಿಸಿದವೇ ಹೊರತು ವರ್ಣವನ್ನಲ್ಲ. ಹುಡುಕಾಟಕ್ಕೂ ಅಕಾರಾದಿಗೂ ಅವು ತೊಡಕಾದವು. ಬಣ್ಣದ ಆಸೆಗೆ ಆ ಪದ್ಧತಿಗೆ ಮರಳುವುದನ್ನು ಒಪ್ಪಲಾಗದು.

ಹಾಗೆಂದು ಎಲ್ಲ ದೋಷವನ್ನೂ ತಂತ್ರಾಂಶದ ಮೇಲೆ ಹೊರಿಸುವಂತಿಲ್ಲ. ‘ನೀ ಮಾಡ್ತಿ’ ಎಂಬಲ್ಲಿ ಇಕಾರ ಕೇಳಿಸುವುದು ತಕಾರದ ನಂತರ. ಕಾಣುವುದು ಡಕಾರದ ತಲೆಯ ಮೇಲೆ, ಅದರೊಡನೆ ಬೆಸೆದು. ಆ ಇಕಾರಕ್ಕೆ ಮಾತ್ರ ಬಣ್ಣ ಕೊಡಬೇಕೆಂದರೆ ಲಿಪಿಯೇ ಎಡೆಗೊಡದು. ‘ಮಾಡ್ಯಾನ’ದ ಒತ್ತು ಮಾತ್ರ ಬಿಡಿಯಾಗಿಯೇ ನಿಂತಿದೆ, ಅಲ್ಲಿ ಯಂತ್ರದ ನಿರಾಕರಣೆಗೆ ಲಿಪಿಯ ಸಮರ್ಥನೆಯಿಲ್ಲ.

ಸದ್ಯಕ್ಕೆ, ಸಂಗ್ರಹದ ಪಠ್ಯವನ್ನು ಬಣ್ಣವಿಲ್ಲದ ಯೂನಿಕೋಡಿನಲ್ಲಿರಿಸಿ, ಯಾವ ಪದದ ಯಾವ ವರ್ಣ ಗಮನಾರ್ಹವೆಂಬುದನ್ನು ಪಕ್ಕದ ಅಂಕಣದಲ್ಲಿ ಬರೆದಿಡುವುದು ಉಚಿತ. ಮುದ್ರಣದ ಹೊತ್ತಿಗೆ ಪದವನ್ನು ರೇಖಾಕೃತಿಯಾಗಿ ಪರಿವರ್ತಿಸಿ ಒತ್ತಿಗೆ ಕೆಂಪು ತುಂಬಬಹುದು. ಪ್ರತಿ ಪದಕ್ಕೂ ಕೈಕೆಲಸ. ಕರಡು ತಿದ್ದಿದಾಗಲೆಲ್ಲ ಮತ್ತೆ ಮೊದಲಿನಿಂದ.