ಬೆಳಗುವ ಬ್ಯಾಕ್ಟೀರಿಯಾದ ಸಾಕ್ಷ್ಯ

ಫಲ್ಗುಣಿ ನದಿಯಲ್ಲಿ ಮೀನು ಸತ್ತು ತೇಲಿದ ಸುದ್ದಿ ಮಂಗಳೂರಿನ ಪತ್ರಿಕೆಗಳಲ್ಲಿ ಹಲವು ಬಾರಿ ಬಂದಿದೆ. ನೀರಿನ ಗುಣಮಟ್ಟ ನೋಡುವಾಗ ಸಾಮಾನ್ಯವಾಗಿ ಆಮ್ಲತೆ, ಕರಗಿದ ಆಮ್ಲಜನಕ, ಮತ್ತು ನೀರಿನ ಕೊಳೆ ಎಷ್ಟು ಆಮ್ಲಜನಕ ಬೇಡುತ್ತದೆಂದು ಹೇಳುವ ಬಿಒಡಿ, ಸಿಒಡಿ ಅಳೆಯುತ್ತಾರೆ. ಬೇಕಾದ ಅಳತೆಗಳೇ. ಆದರೆ ಈ ನೀರು ಜೀವಕೋಶದ ಡಿಎನ್‌ಎಯನ್ನು ಕೆಡಿಸುತ್ತದೆಯೇ ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ. ಅದನ್ನು ನೇರವಾಗಿ ಕೇಳುವ ವಿಧಾನವೊಂದಿದೆ: ಡಿಎನ್‌ಎಗೆ ಪೆಟ್ಟು ಬಿದ್ದಾಗ ಬೆಳಗುವಂತೆ ಮಾರ್ಪಡಿಸಿದ ಬ್ಯಾಕ್ಟೀರಿಯಾ.

ಇದರ ಹಿಂದಿನ ಯೋಚನೆ ಸೊಗಸಾದದ್ದು. ಇ. ಕೋಲಿ ಬ್ಯಾಕ್ಟೀರಿಯಾದ ಡಿಎನ್‌ಎ ಹಾನಿಗೊಂಡಾಗ ರೆಕ್‌ಎ ಪ್ರೋಟೀನ್ ಚುರುಕಾಗುತ್ತದೆ. ಆಗ ದುರಸ್ತಿ ಜೀನ್‌ಗಳನ್ನು ಅದುಮಿಟ್ಟಿದ್ದ ಲೆಕ್ಸ್‌ಎ ಪ್ರೋಟೀನ್ ತುಂಡಾಗಿ, ಆ ಜೀನ್‌ಗಳು ಎಚ್ಚರಗೊಳ್ಳುತ್ತವೆ. ಇದೇ ಎಸ್‌ಒಎಸ್ ಪ್ರತಿಕ್ರಿಯೆ. ಆಮಿ ವೋಲ್ಮರ್, ಶಿಮ್ಶೋನ್ ಬೆಲ್ಕಿನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ರೆಕ್‌ಎ ಮೊದಲಾದ ದುರಸ್ತಿ ಜೀನ್‌ಗಳ ಚಾಲಕ ಭಾಗಕ್ಕೆ ಬೆಳಕು ಹೊಮ್ಮಿಸುವ ಲಕ್ಸ್ ಜೀನ್‌ಗಳನ್ನು ಜೋಡಿಸಿದ್ದರು. ದುರಸ್ತಿಗೆ ಕರೆ ಹೊರಟರೆ ಬೆಳಕೂ ಹೊರಡುತ್ತದೆ. ಐದು ಲಕ್ಸ್ ಜೀನ್‌ಗಳಲ್ಲಿ ಎರಡು ಲುಸಿಫೆರೇಸ್ ಕಿಣ್ವವನ್ನೂ, ಮೂರು ಅದಕ್ಕೆ ಬೇಕಾದ ಆಲ್ಡಿಹೈಡನ್ನೂ ಒದಗಿಸುತ್ತವೆ. ಬೆಳಕಿಗಾಗಿ ಹೊರಗಿನಿಂದ ಯಾವ ರಾಸಾಯನಿಕವನ್ನೂ ಬೆರೆಸಬೇಕಿಲ್ಲ, ಕೋಶವನ್ನು ಒಡೆಯಬೇಕಿಲ್ಲ.

ಲಾಭ ಎರಡು. ಮೊದಲನೆಯದು ವೇಗ: ಡಿಎನ್‌ಎ ಬದಲಾವಣೆಯನ್ನು ಪತ್ತೆ ಮಾಡುವ ಏಮ್ಸ್ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಸುಮಾರು ಎರಡು ದಿನ ಕಾಯಬೇಕು; ಇಲ್ಲಿ ಕೆಲವೇ ಗಂಟೆಗಳಲ್ಲಿ ಸುಳಿವು ಸಿಗುತ್ತದೆ. ಎರಡನೆಯದು ಇನ್ನೂ ದೊಡ್ಡದು. ರಾಸಾಯನಿಕ ವಿಶ್ಲೇಷಣೆ ನಾವು ಹುಡುಕಿದ್ದನ್ನು ಮಾತ್ರ ತೋರಿಸುತ್ತದೆ. ಬ್ಯಾಕ್ಟೀರಿಯಾ ಹೆಸರೇ ತಿಳಿಯದ ಮಿಶ್ರಣಕ್ಕೂ ಸ್ಪಂದಿಸುತ್ತದೆ.

ದೋಷಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಬೆಳಕು ಹಾನಿಯನ್ನು ತೋರುತ್ತದೆ, ಹಾನಿ ಮಾಡಿದವರನ್ನಲ್ಲ. ವಿಷ ಹೆಚ್ಚಾಗಿ ಬ್ಯಾಕ್ಟೀರಿಯಾವೇ ಸತ್ತರೆ ಬೆಳಕಿಲ್ಲ. ಆ ಕತ್ತಲೆಯನ್ನು ಶುದ್ಧಿಯೆಂದು ಓದುವ ಅಪಾಯವಿದೆ. ಹಾಗಾಗಿ ಸದಾ ಬೆಳಗುವ ಇನ್ನೊಂದು ತಳಿಯನ್ನು ಜೊತೆಗಿಟ್ಟು ನೋಡಲೇಬೇಕು. ಕೆಲವು ರಾಸಾಯನಿಕಗಳು ನಮ್ಮ ಯಕೃತ್ತಿನ ಕಿಣ್ವಗಳಿಗೆ ಸಿಕ್ಕ ಮೇಲಷ್ಟೇ ಡಿಎನ್‌ಎಗೆ ಕುತ್ತಾಗುತ್ತವೆ. ಆ ಕಿಣ್ವಗಳು ಇ. ಕೋಲಿಯಲ್ಲಿಲ್ಲ, ಬೆರೆಸಬೇಕು. ಬೆಳಕಿಗೆ ಆಮ್ಲಜನಕವೂ ಬೇಕು. ಕಪ್ಪಗಿನ ಕಲುಷಿತ ನೀರು ಬೆಳಕನ್ನೇ ನುಂಗುತ್ತದೆ. ಲಕ್ಸ್ ಜೀನ್‌ಗಳ ಒಂದು ಮೂಲವಾದ ವಿಬ್ರಿಯೊ ಫಿಶರಿ ಬ್ಯಾಕ್ಟೀರಿಯಾದ ಲುಸಿಫೆರೇಸ್ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೊರಗುತ್ತದೆ. ಕರಾವಳಿಯ ಸೆಕೆಗೆ ಹೆಚ್ಚು ಶಾಖ ತಾಳುವ, ಫೋಟೊರಾಬ್ಡಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಜೀನ್‌ಗಳೇ ಲೇಸು.

ಮಂಗಳೂರಿಗೆ ಇದು ಪರಕೀಯ ವಿದ್ಯೆಯಲ್ಲ. 1969ರಲ್ಲಿ ಆರಂಭವಾದ ಇಲ್ಲಿನ ಮೀನುಗಾರಿಕಾ ಕಾಲೇಜಿನಲ್ಲಿ ಇಂದ್ರಾಣಿ ಮತ್ತು ಇಡ್ಯ ಕರುಣಾಸಾಗರ್ ಸೀಗಡಿ ಮರಿಗಳನ್ನು ಕೊಲ್ಲುವ, ಸಹಜವಾಗಿಯೇ ಬೆಳಗುವ ವಿಬ್ರಿಯೊ ಹಾರ್ವೆಯಿಯ ಬಗ್ಗೆ 1994ರಷ್ಟು ಹಿಂದೆಯೇ ಬರೆದಿದ್ದರು. ಬೈಕಂಪಾಡಿಯ ಕೈಗಾರಿಕೆಗಳು, ಪಣಂಬೂರಿನ ಬಂದರು, ನೇತ್ರಾವತಿ–ಫಲ್ಗುಣಿ ಸಮುದ್ರ ಸೇರುವ ಅಳಿವೆ, ಅಲ್ಲಿ ಬಲೆ ಬೀಸಿ ಬದುಕುವ ಜನ: ಇಷ್ಟೆಲ್ಲ ಒಂದೆಡೆ ಇರುವ ಊರಿನಲ್ಲಿ ಈ ಪರೀಕ್ಷೆಗೆ ಅರ್ಥವಿದೆ.

ಆದರೆ ಮಾರ್ಪಡಿಸಿದ ಜೀವಿಯನ್ನು ನದಿಗೆ ಬಿಡುವ ಮಾತೇ ಬೇಡ. ದೇಶದಲ್ಲಿ ಅದಕ್ಕೆ 1989ರ ನಿಯಮಗಳ ಕಡಿವಾಣವಿದೆ, ಇರಲೂ ಬೇಕು. ನೀರು ಬಾಟಲಿಯಲ್ಲಿ ಪ್ರಯೋಗಾಲಯಕ್ಕೆ ಬರಲಿ. ಅಲ್ಲಿ ಬೆಳಕು ಕಂಡರೆ ಅದನ್ನು ತೀರ್ಪೆಂದು ಸಾರಬಾರದು, ಸಂಶಯಾಸ್ಪದವೆಂದು ಮೂಲೆಗೂ ಸೇರಿಸಬಾರದು. ರಾಸಾಯನಿಕ ವಿಶ್ಲೇಷಣೆ ಅಲ್ಲಿಂದ ಶುರುವಾಗಬೇಕು, ಫಲಿತಾಂಶ ನದಿದಂಡೆಯ ಜನರ ಕೈಗೂ ಸಿಗಬೇಕು. ಬಿಒಡಿ, ಸಿಒಡಿಗಳ ಪಕ್ಕದಲ್ಲಿ ಡಿಎನ್‌ಎ ಹಾನಿಯ ಕಾಲಮ್ಮೂ ಇರಲಿ ಎಂದು ನಗರದ ವಿಜ್ಞಾನಿಗಳು, ಮೀನುಗಾರರು ಒಟ್ಟಾಗಿ ಕೇಳಬೇಕು.