ಕ್ಯಾಮೆರಾ, ತಮಟೆ ಮತ್ತು ಅಂದಾಜುಪಟ್ಟಿ: ಕೋಲಾರ ಸೀಮೆಯ ಕಲೆಗಳ ಸಾಕ್ಷ್ಯಚಿತ್ರೀಕರಣವನ್ನು ಕುರಿತು

ಜಾನಪದ ಅಧ್ಯಯನದಲ್ಲಿ ದಾಖಲೀಕರಣವು ಮೊದಲು ಲೇಖನಿಯ, ಅನಂತರ ಧ್ವನಿಸುರುಳಿಯ, ಆ ಬಳಿಕ ಕ್ಯಾಮೆರಾದ ಕೆಲಸವಾಯಿತು. ಲೇಖನಿ ಹಿಡಿದ ಸಂಗ್ರಾಹಕರು ಪಠ್ಯವನ್ನು ತಿದ್ದಿದರೇ, ಹಾಡುಗಾರ್ತಿಯ ಹೆಸರನ್ನು ಬಿಟ್ಟರೇ, ಆಡುನುಡಿಯನ್ನು ಗ್ರಾಂಥಿಕಗೊಳಿಸಿದರೇ ಎಂಬ ಪ್ರಶ್ನೆಗಳನ್ನು ನಮ್ಮ ವಿದ್ವಾಂಸರು ಕೇಳುತ್ತಲೇ ಬಂದಿದ್ದಾರೆ. ಅವೇ ಪ್ರಶ್ನೆಗಳನ್ನು ಸಾಕ್ಷ್ಯಚಿತ್ರಕ್ಕೆ ಕೇಳುವಲ್ಲಿ ಮಾತ್ರ ಒಂದು ಬಗೆಯ ಹಿಂಜರಿಕೆ ಕಾಣುತ್ತದೆ. ಕಲೆಯೊಂದು ಚಿತ್ರವಾಯಿತೆಂದರೆ ಅದು ಉಳಿಯಿತೆಂಬ ಸಮಾಧಾನವೇ ವಿಮರ್ಶೆಯ ಜಾಗವನ್ನು ತುಂಬಿಬಿಡುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಕ್ಷೇತ್ರಕಾರ್ಯದ ಅನುಭವವನ್ನು ಆಧರಿಸಿ ಆ ಪ್ರಶ್ನೆಗಳನ್ನು ಎತ್ತುವುದು ಪ್ರಸ್ತುತ ಲೇಖನದ ಉದ್ದೇಶ. ಇದರ ಪ್ರತಿಪಾದನೆ ಇಷ್ಟು: ಜನಪದ ಕಲೆಯನ್ನು ಕುರಿತ ಸಾಕ್ಷ್ಯಚಿತ್ರದ ಕಸುಬು ಮತ್ತು ನೀತಿ ಎರಡೂ ಬಹುಮಟ್ಟಿಗೆ ಅದರ ಅಂದಾಜುಪಟ್ಟಿಯಲ್ಲಿಯೇ ನಿರ್ಧಾರವಾಗಿರುತ್ತವೆ. ಆದುದರಿಂದ ಅಂದಾಜುಪಟ್ಟಿಯನ್ನೂ ಒಂದು ಪಠ್ಯವೆಂದು ಓದಬೇಕಾಗುತ್ತದೆ.

1. ಸೀಮೆ ಮತ್ತು ಕ್ಯಾಮೆರಾದ ದಾರಿ

ಕೋಲಾರವೆಂದೊಡನೆ ಹೊರಗಿನ ಕ್ಯಾಮೆರಾ ಚಿನ್ನದ ಗಣಿಯ ಕಡೆಗೆ ತಿರುಗುತ್ತದೆ. ಇದಕ್ಕೆ ಕಾರಣಗಳಿವೆ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಬೆಳೆದು, 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ತು ಪಡೆದು, 2001ರ ಫೆಬ್ರವರಿ 28ರಂದು ಮುಚ್ಚಿಹೋದ ಆ ಗಣಿಗಳ ಕಥೆಯಲ್ಲಿ ಏಳು ಬೀಳುಗಳೆರಡೂ ಎದ್ದು ಕಾಣುತ್ತವೆ. 2018ರ ಕನ್ನಡ ಕಥಾಚಿತ್ರದ ಅನಂತರ ಗಣಿಯ ಹೆಸರು ದೇಶಕ್ಕೆಲ್ಲ ಪರಿಚಿತವಾಯಿತು. ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳಿಗೆ ಇಂತಹ ಒಂದೇ ದೊಡ್ಡ ಕಥೆಯಿಲ್ಲ. ಇಲ್ಲಿರುವುದು ಕರಗ, ತಮಟೆ, ಕೇಳಿಕೆ, ತೊಗಲುಗೊಂಬೆಯಾಟ, ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಕಲ್ಲುಕೆತ್ತನೆ ಮುಂತಾದವುಗಳ ದಿನನಿತ್ಯದ ಬದುಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ, ಜೊತೆಗೆ ಉರ್ದು ಮತ್ತು ತಮಿಳು ಎನ್ನುವ ಗಡಿಸೀಮೆಯ ಭಾಷಾಸ್ಥಿತಿಯೂ ಈ ಕಲೆಗಳ ಒಳಗೇ ಇದೆ. ಹೀಗಾಗಿ ಇಲ್ಲಿ ಚಿತ್ರ ತೆಗೆಯುವವರಿಗೆ ಸಿದ್ಧಕಥೆ ದೊರೆಯುವುದಿಲ್ಲ. ಕಾದು ಕೂತು ನೋಡಬೇಕಾಗುತ್ತದೆ. ಅಂದಾಜುಪಟ್ಟಿಯ ಸಮಸ್ಯೆ ಆರಂಭವಾಗುವುದು ಈ ಕಾಯುವಿಕೆಯಿಂದಲೇ.

2. ಕಸುಬು: ಬೆಳಕು, ಸದ್ದು, ಸಮಯ

ತೊಗಲುಗೊಂಬೆಯಾಟದ ಜೀವಾಳ ಪರದೆಯ ಹಿಂದಿನ ದೀಪ. ಗೊಂಬೆಯನ್ನು ಪರದೆಗೆ ಒತ್ತಿದಾಗ ಬಣ್ಣ ಕಡುವಾಗುತ್ತದೆ, ಹಿಂದಕ್ಕೆ ಸರಿಸಿದಾಗ ಆಕೃತಿ ಹಿಗ್ಗಿ ಮಸುಕಾಗುತ್ತದೆ. ಚಿತ್ರೀಕರಣಕ್ಕೆ ಬೆಳಕು ಸಾಲದೆಂದು ಮುಂಭಾಗದಿಂದ ದೀಪ ಹಾಕಿದರೆ ಪರದೆ ಬರಿಯ ಬಿಳಿಬಟ್ಟೆಯಾಗುತ್ತದೆ. ಚಿತ್ರದಲ್ಲಿ ಗೊಂಬೆಯಿರುತ್ತದೆ, ಆಟವಿರುವುದಿಲ್ಲ. ಇಂದಿನ ಕ್ಯಾಮೆರಾಗಳು ಕಡಿಮೆ ಬೆಳಕಿನಲ್ಲಿಯೂ ಕೆಲಸ ಮಾಡಬಲ್ಲವಾದ್ದರಿಂದ ಈ ತೊಡಕು ತಂತ್ರದ ದೃಷ್ಟಿಯಿಂದ ಬಹುಪಾಲು ನೀಗಿದೆ. ಆದರೂ ಆಟವನ್ನು ಹಗಲಿನಲ್ಲಿ, ಶಾಲೆಯ ಜಗಲಿಯಲ್ಲಿ, ಅರ್ಧ ಗಂಟೆಗೆ ಇಳಿಸಿ ಆಡಿಸುವ ರೂಢಿ ನಿಂತಿಲ್ಲ. ರಾತ್ರಿಯಿಡೀ ತಂಡವನ್ನು ಉಳಿಸಿಕೊಳ್ಳುವ ಖರ್ಚು ಇಲ್ಲಿ ನಿಜವಾದ ಕಾರಣವೇ ಹೊರತು ಬೆಳಕಲ್ಲ.

ತಮಟೆಯ ವಿಷಯವೂ ಹಾಗೆಯೇ. ಬಾರಿಸುವ ಮುನ್ನ ಬೆಂಕಿ ಮಾಡಿ ಚರ್ಮವನ್ನು ಕಾಯಿಸಿ ಬಿಗಿ ತರುತ್ತಾರೆ. ನಾದ ಇಳಿದಂತೆ ಮತ್ತೆ ಬೆಂಕಿಯ ಬಳಿಗೆ ಹೋಗುತ್ತಾರೆ. ಈ ಹೋಗಿಬರುವಿಕೆಯಲ್ಲಿಯೇ ಪ್ರದರ್ಶನದ ಏರಿಳಿತವಿದೆ. ಮಾತು, ನಗೆ, ಕಿರಿಯರು ಹಿರಿಯರ ಕೈಯನ್ನು ಗಮನಿಸುವ ಕ್ಷಣಗಳೆಲ್ಲ ಅಲ್ಲಿಯೇ ಇವೆ. ಸಂಕಲನದಲ್ಲಿ ಮೊದಲು ಕತ್ತರಿಸಿ ಹೋಗುವುದೂ ಈ ಭಾಗವೇ. ಇನ್ನು ಸದ್ದಿನ ಮಾತು. ಕ್ಯಾಮೆರಾಕ್ಕೆ ಅಂಟಿಕೊಂಡ ಮೈಕು ತಾನೇ ಸದ್ದನ್ನು ಏರಿಸಿ ಇಳಿಸುವಂತೆ ಹೊಂದಿಸಿದ್ದರೆ, ತಮಟೆಯ ಬಿರುಸಿನ ಪೆಟ್ಟುಗಳೂ ಮೆಲುಪೆಟ್ಟುಗಳೂ ಒಂದೇ ಮಟ್ಟಕ್ಕೆ ಬಂದು ಲಯದ ಅಂತರಗಳು ಅಳಿಸಿಹೋಗುತ್ತವೆ. ಇದನ್ನು ತಪ್ಪಿಸಲು ಬೇಕಾದದ್ದು ಪ್ರತ್ಯೇಕ ಧ್ವನಿಗ್ರಾಹಕ ಮತ್ತು ಅದನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ. ಸಣ್ಣ ಅಂದಾಜಿನಲ್ಲಿ ಮೊದಲು ಕೈಬಿಡುವುದು ಆ ಮನುಷ್ಯನನ್ನೇ. ವಾದ್ಯವೇ ವಸ್ತುವಾಗಿರುವ ಚಿತ್ರದಲ್ಲಿ ಸದ್ದಿಗೆ ಹಣವಿಲ್ಲವೆಂಬುದು ವಿಪರ್ಯಾಸ.

3. ನಿರೂಪಣೆಯ ಭಾಷೆ

ಈ ಸೀಮೆಯ ಕಲಾವಿದರು ಒಂದೇ ವಾಕ್ಯದಲ್ಲಿ ಎರಡು ಭಾಷೆಗಳಲ್ಲಿ ನಡೆದಾಡುತ್ತಾರೆ. ತೆಲುಗಿನ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡ ಕೇಳಿಕೆಯ ಪುಸ್ತಕಗಳು ಇಲ್ಲಿ ಅಪರೂಪವಲ್ಲ. ತೊಗಲುಗೊಂಬೆಯಾಡಿಸುವ ಕಿಳ್ಳೇಕ್ಯಾತ ಕುಟುಂಬಗಳ ಮನೆಮಾತು ಮರಾಠಿಯ ಒಂದು ಬಗೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಗುವವರೆಗೆ ಇದೇ ಜಿಲ್ಲೆಗೆ ಸೇರಿದ್ದ ಕೈವಾರದ ನಾರೇಯಣ ತಾತಯ್ಯನವರು ತೆಲುಗು ಕನ್ನಡಗಳೆರಡರಲ್ಲಿಯೂ ರಚಿಸಿದವರು. ಇಂತಹ ಸೀಮೆಯ ಕುರಿತಾದ ಚಿತ್ರದ ಮೇಲೆ ಶಿಷ್ಟ ಕನ್ನಡದ ಅಖಂಡ ನಿರೂಪಣೆಯನ್ನು ಹೊದಿಸಿದಾಗ ಎರಡು ಅನ್ಯಾಯಗಳಾಗುತ್ತವೆ. ತನ್ನ ಕಲೆಯನ್ನು ತಾನೇ ವಿವರಿಸಬಲ್ಲ ಕಲಾವಿದನ ಬಾಯಿ ಅಲುಗುತ್ತಿರುತ್ತದೆ, ಕೇಳುವುದು ಬೇರೆಯವರ ದನಿ. ಭಾಷೆಗಳ ಬೆರಕೆಯೇ ಕಲೆಯ ಗುಣವಾಗಿರುವಲ್ಲಿ ಆ ಬೆರಕೆಯನ್ನು ದೋಷವೆಂಬಂತೆ ಮರೆಮಾಡಿದಂತೆಯೂ ಆಗುತ್ತದೆ. ಕಲಾವಿದನ ದನಿಯನ್ನು ಉಳಿಸಿ ಅಡಿಯಲ್ಲಿ ಬರಹ ಕೊಡುವುದು ಪರಿಹಾರ. ಅದಕ್ಕೆ ಎರಡೂ ಭಾಷೆ ಬಲ್ಲ ಊರಿನವರೊಬ್ಬರನ್ನು ಸಂಕಲನದ ಮೇಜಿನ ಬಳಿ ಕೆಲವು ದಿನ ಕೂರಿಸಿ ಸಂಬಳ ಕೊಡಬೇಕು. ನಾನು ಕಂಡ ಅಂದಾಜುಪಟ್ಟಿಗಳಲ್ಲಿ ನಿರೂಪಕರಿಗೆ ಒಂದು ಬಾಬ್ತು ಇತ್ತು, ಇವರಿಗೆ ಇರಲಿಲ್ಲ.

4. ನೀತಿ: ತೋರಿಸುವುದು, ತೋರಿಸದಿರುವುದು

ತಮಟೆಯನ್ನು ‘ಗಂಡುಕಲೆ’ಯೆಂದು ಕೊಂಡಾಡುವುದು ಸುಲಭ. ಆದರೆ ತಲೆಮಾರುಗಳ ಕಾಲ ಅದು ಜಾತಿಯ ಕಟ್ಟುಪಾಡಿನ ಚಾಕರಿಯಾಗಿತ್ತು. ಊರಿನ ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ಕರೆದಾಗ ಬಾರದೆ ಇರುವ ಸ್ವಾತಂತ್ರ್ಯ ಬಾರಿಸುವವನಿಗೆ ಇರಲಿಲ್ಲ. ಜನಸಂಖ್ಯೆಯಲ್ಲಿ ಸುಮಾರು ಶೇ. 30ರಷ್ಟು ಪರಿಶಿಷ್ಟ ಜಾತಿಗಳವರಿರುವ ಈ ಜಿಲ್ಲೆಯಲ್ಲಿ 1970–80ರ ದಶಕಗಳ ದಲಿತ ಚಳವಳಿ ಆಳವಾಗಿ ಬೇರೂರಿತು. ಬಿಟ್ಟಿ ಬಾರಿಸುವುದನ್ನು ನಿರಾಕರಿಸುವುದು ಮತ್ತು ಅದೇ ವಾದ್ಯವನ್ನು ಹೋರಾಟದ ದನಿಯಾಗಿ ಮರಳಿ ಎತ್ತಿಕೊಳ್ಳುವುದು, ಎರಡೂ ಆ ಚಳವಳಿಯ ಭಾಗಗಳೇ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಸಂದುದು ಈ ದೀರ್ಘ ದಾರಿಯ ಒಂದು ಘಟ್ಟ. ಗೌರವವನ್ನು ಮಾತ್ರ ತೋರಿಸಿ ಚಾಕರಿಯನ್ನು ಬಿಟ್ಟ ಚಿತ್ರ ಸುಳ್ಳು ಹೇಳದಿದ್ದರೂ ನಿಜವನ್ನು ಅರ್ಧಕ್ಕೆ ನಿಲ್ಲಿಸುತ್ತದೆ. ಈ ಟೀಕೆಯಿಂದ ನಾನು ಹೊರಗಿಲ್ಲ. ಒಂದು ಕಿರುಚಿತ್ರಕ್ಕೆ ನಾನು ಬರೆದುಕೊಟ್ಟ ನಿರೂಪಣೆಯಲ್ಲಿ ಸಾವಿನ ತಮಟೆಯ ಬಗೆಗೆ ಒಂದು ವಾಕ್ಯವೂ ಇರಲಿಲ್ಲ. ಅದನ್ನು ಬಿಡಿರೆಂದು ಯಾರೂ ಹೇಳಿರಲಿಲ್ಲ. ಹಣ ಕೊಡುವವರಿಗೆ ಹಿಡಿಸದೆಂದು ನಾನೇ ಊಹಿಸಿಕೊಂಡಿದ್ದೆ.

ಇದಕ್ಕೆ ಪ್ರತಿಯಾದ ಇನ್ನೊಂದು ಪ್ರಶ್ನೆಯನ್ನು ಕರಗ ಮುಂದಿಡುತ್ತದೆ. ಕರಗದ ಒಳಗೇನಿದೆಯೆಂಬುದು ಗುಟ್ಟು. ಅದನ್ನು ಸಿದ್ಧಪಡಿಸುವ ಕ್ರಿಯೆಗಳು ಸಮುದಾಯದ ಹೊರಗಿನವರ ಕಣ್ಣಿಗೆ ಅಲ್ಲ. ಅಲ್ಲಿ ಕ್ಯಾಮೆರಾ ಹೊರಗೆ ನಿಂತರೆ ಚಿತ್ರಕ್ಕೆ ಕೊರತೆಯಾಗುವುದಿಲ್ಲ. ಮುಚ್ಚಿದ ಬಾಗಿಲನ್ನು ಮುಚ್ಚಿದಂತೆಯೇ ತೋರಿಸುವುದು ಕೂಡ ಒಂದು ನಿಖರವಾದ ದಾಖಲೆ. ಚಾಕರಿಯನ್ನು ಮರೆಮಾಡುವ ಮೌನವೂ ಗುಟ್ಟನ್ನು ಕಾಯುವ ಮೌನವೂ ಹೊರನೋಟಕ್ಕೆ ಒಂದೇ ತೆರನಾಗಿವೆ. ಮೊದಲನೆಯದು ಚಿತ್ರ ತೆಗೆಯುವವರ ಅನುಕೂಲಕ್ಕಾಗಿ ಇದ್ದರೆ ಎರಡನೆಯದು ಚಿತ್ರದಲ್ಲಿರುವವರ ಇಚ್ಛೆಯಿಂದ ಬಂದದ್ದು. ನೀತಿಯ ವಿಚಾರದಲ್ಲಿ ಗಮನಿಸಬೇಕಾದ ವ್ಯತ್ಯಾಸ ಇದು.

ಕಾನೂನಿನ ಸ್ಥಿತಿಯನ್ನೂ ಇಲ್ಲಿ ಗಮನಿಸಬೇಕು. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯ ಮೂಲಕ ಪ್ರದರ್ಶಕರ ಹಕ್ಕು ಸೇರಿತು. ಪ್ರದರ್ಶಕರೆಂಬ ವ್ಯಾಖ್ಯೆಯಲ್ಲಿ ಗಾಯಕ, ವಾದಕ, ನರ್ತಕರ ಜೊತೆಗೆ ಜಾದೂಗಾರನೂ ಹಾವಾಡಿಗನೂ ಇದ್ದಾರೆ. ಆದ್ದರಿಂದ ತಮಟೆಯವರು ಅದರ ಹೊರಗಿಲ್ಲ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ತನ್ನ ಪ್ರದರ್ಶನದ ಪ್ರದರ್ಶಕನೆಂದು ಗುರುತಿಸಿಕೊಳ್ಳುವ ಹಕ್ಕನ್ನೂ ಹೆಸರಿಗೆ ಕುಂದು ತರುವ ವಿರೂಪವನ್ನು ತಡೆಯುವ ಹಕ್ಕನ್ನೂ ಕೊಟ್ಟಿತು. ಲಿಖಿತ ಒಪ್ಪಂದದ ಮೂಲಕ ಚಿತ್ರಕ್ಕೆ ಒಪ್ಪಿಗೆ ಕೊಟ್ಟವರು ಆಮೇಲೆ ನಿರ್ಮಾಪಕರ ಬಳಕೆಯನ್ನು ಸಾಮಾನ್ಯವಾಗಿ ಆಕ್ಷೇಪಿಸುವಂತಿಲ್ಲ. ಆದರೆ ವಾಣಿಜ್ಯ ಬಳಕೆಯಾದರೆ ಗೌರವಧನದ ಪಾಲಿಗೆ ಅರ್ಹರು. ಅಂದರೆ ಜಾತ್ರೆಯ ಗದ್ದಲದಲ್ಲಿ ಹಾಕಿಸಿಕೊಳ್ಳುವ ಆ ಒಂದು ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಸಣ್ಣ ಸಂಗತಿಯಲ್ಲ. ಅದು ಇಂಗ್ಲಿಷಿನ ನಮೂನೆಯ ಮೇಲೆ, ಓದಿ ಹೇಳದೆ ಪಡೆದದ್ದಾದರೆ ಒಪ್ಪಿಗೆಯೆಂಬ ಮಾತಿಗೆ ಅರ್ಥವಿಲ್ಲ.

5. ಹಣ: ಯಾರದ್ದು, ಯಾವುದಕ್ಕೆ

ಹಣದ ಮೂಲ ಚಿತ್ರದ ಕಣ್ಣನ್ನು ತಿದ್ದುವುದು ಹೊಸ ಸಂಗತಿಯಲ್ಲ. ಸಾಕ್ಷ್ಯಚಿತ್ರದ ಆದಿಕೃತಿಗಳಲ್ಲಿ ಒಂದೆನಿಸಿದ, 1922ರಲ್ಲಿ ಬಂದ ರಾಬರ್ಟ್ ಫ್ಲಾಹರ್ಟಿಯ ‘ನಾನೂಕ್ ಆಫ್ ದ ನಾರ್ತ್’ ಚಿತ್ರಕ್ಕೆ ಹಣ ಕೊಟ್ಟದ್ದು ಫ್ರಾನ್ಸಿನ ತುಪ್ಪಳದ ವ್ಯಾಪಾರಿ ಸಂಸ್ಥೆ. ಬಂದೂಕು ಬಳಸುತ್ತಿದ್ದ ಬೇಟೆಗಾರರು ಚಿತ್ರದಲ್ಲಿ ಈಟಿ ಹಿಡಿದರು. ಬೆಳಕಿಗಾಗಿ ಹಿಮದ ಮನೆಯ ಅರ್ಧವನ್ನು ತೆರೆದಿಡಲಾಯಿತು. ನಾಯಕನ ನಿಜವಾದ ಹೆಸರೂ ನಾನೂಕ್ ಆಗಿರಲಿಲ್ಲ. ನಮ್ಮಲ್ಲಿ 1948ರಲ್ಲಿ ಆರಂಭವಾದ ಫಿಲ್ಮ್ಸ್ ಡಿವಿಜನ್ ದಶಕಗಳ ಕಾಲ ಸಾಕ್ಷ್ಯಚಿತ್ರದ ಮುಖ್ಯ ಪೋಷಕವಾಗಿತ್ತು. 2022ರಲ್ಲಿ ಅದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. 1993ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್, 2000ದಲ್ಲಿ ದೆಹಲಿಯಲ್ಲಿ ಆರಂಭವಾದ ಪಬ್ಲಿಕ್ ಸರ್ವೀಸ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್ ಮುಂತಾದವು ಸ್ವತಂತ್ರ ನಿರ್ಮಾಪಕರಿಗೆ ಬೇರೆ ದಾರಿಗಳನ್ನು ತೆರೆದವು. ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ದಾಖಲೀಕರಣಕ್ಕೆ ಹಣ ನೀಡುತ್ತ ಬಂದಿವೆ.

ಮೂಲ ಯಾವುದೇ ಆದರೂ ಅಂದಾಜುಪಟ್ಟಿಯ ರಚನೆ ಬಹುಮಟ್ಟಿಗೆ ಒಂದೇ. ಕ್ಯಾಮೆರಾ ಬಾಡಿಗೆ, ವಾಹನ, ಊಟ, ವಸತಿ ಎಲ್ಲವೂ ದಿನದ ಲೆಕ್ಕ. ದಿನ ಹೆಚ್ಚಿದಷ್ಟೂ ಖರ್ಚು ಹೆಚ್ಚುವುದರಿಂದ ಕಾಯುವುದೆಂದರೆ ನಷ್ಟ. ಕಲಾವಿದರ ಸಂಭಾವನೆ ಮಾತ್ರ ತಂಡಕ್ಕೆ ಒಂದೇ ಮೊತ್ತ. ಚಿತ್ರ ಮುಗಿದ ಬಳಿಕ ಅದನ್ನು ಊರಿಗೆ ಮರಳಿ ಒಯ್ದು ತೋರಿಸುವುದಕ್ಕೆ ಬಾಬ್ತೇ ಇರುವುದಿಲ್ಲ. ಬಳಕೆಯ ಪ್ರಮಾಣಪತ್ರ ಸಲ್ಲಿಸುವುದರೊಂದಿಗೆ ಯೋಜನೆ ಮುಗಿಯುತ್ತದೆ.

ಈ ಕೊರತೆ ಏನೆಂಬುದು ನನಗೆ ಅರಿವಾದದ್ದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಹಿಂದೊಮ್ಮೆ ಚಿತ್ರೀಕರಣ ನಡೆದಿದ್ದ ಅಲ್ಲಿಗೆ ಕೆಲವು ವರ್ಷಗಳ ಬಳಿಕ ಬೇರೆ ಕೆಲಸಕ್ಕೆ ಹೋದಾಗ ತಮಟೆಯ ಹಿರಿಯರೊಬ್ಬರು ಗುರುತು ಹಿಡಿದು ಕೇಳಿದರು: “ಸಾ, ಆವತ್ತು ಇಡ್ಕೊಂಡು ಓದ್ರಲ್ಲ, ಅದ್ರಾಗೆ ನಮ್ಮಣ್ಣ ಅವ್ನೆ. ಅವ್ನು ಓಗ್ಬುಟ್ಟ. ಒಂದ್ಸಾರಿ ತೋರುಸ್ತೀರಾ?” ವಿಚಾರಿಸಿದಾಗ ಸಿದ್ಧಚಿತ್ರದಲ್ಲಿ ಆ ಅಣ್ಣನಿದ್ದದ್ದು ಕೆಲವೇ ಕ್ಷಣ. ಉಳಿದದ್ದು ಕತ್ತರಿಸದ ಸುರುಳಿಗಳಲ್ಲಿತ್ತು. ಅವುಗಳನ್ನು ಓಡಿಸುವ ಯಂತ್ರ ಕೆಟ್ಟು ಬಹುಕಾಲವಾಗಿತ್ತು. ನಮಗೆ ಅದು ಬಳಸದೆ ಉಳಿದ ಸಾಮಗ್ರಿ. ಆ ಮನೆಗೆ ಅದು ಸತ್ತವನ ಮುಖ.

6. ಮರಳಿಸುವಿಕೆಯೆಂಬ ವಿಮರ್ಶೆ

ಚಿತ್ರವನ್ನು ಚಿತ್ರಿತರಿಗೆ ತೋರಿಸುವುದು ಬರಿಯ ಸೌಜನ್ಯವಲ್ಲ, ಅದು ವಿಮರ್ಶೆಯ ವಿಧಾನವೂ ಹೌದು. ಫ್ರೆಂಚ್ ಮಾನವಶಾಸ್ತ್ರಜ್ಞ ಜಾನ್ ರೂಶ್ 1950ರ ದಶಕದಲ್ಲಿ ನೈಜರ್ ನದಿಯ ನೀರುಕುದುರೆ ಬೇಟೆಯ ಚಿತ್ರವನ್ನು ಆ ಬೇಟೆಗಾರರಿಗೇ ತೋರಿಸಿದಾಗ, ಬೇಟೆಯ ದೃಶ್ಯಕ್ಕೆ ಸಂಗೀತ ಸೇರಿಸಿದ್ದನ್ನು ಅವರು ಆಕ್ಷೇಪಿಸಿದರು. ಬೇಟೆಗೆ ಬೇಕಾದದ್ದು ನಿಶ್ಶಬ್ದ. ರೂಶ್ ಸಂಗೀತವನ್ನು ತೆಗೆದುಹಾಕಿದರು. ಪಂಡಿತರಿಗೆ ಹೊಳೆಯದ ದೋಷ ಪ್ರದರ್ಶಕರಿಗೆ ಒಂದೇ ನೋಟಕ್ಕೆ ಹೊಳೆಯಿತು.

ಕಾಲ ಮತ್ತು ಹೆಸರು ಎರಡನ್ನೂ ಗೌರವಿಸಿದ ದಾಖಲೀಕರಣದ ಮಾದರಿ ನಮ್ಮ ನಾಡಿನಲ್ಲಿಯೇ ಇದೆ. ಬೆಳ್ತಂಗಡಿ ತಾಲ್ಲೂಕಿನ ಗೋಪಾಲ ನಾಯ್ಕರು ತುಳುವಿನಲ್ಲಿ ಹಾಡಿದ ಸಿರಿ ಮಹಾಕಾವ್ಯವನ್ನು ಲೌರಿ ಹಾಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ, ಅನ್ನೇಲಿ ಹಾಂಕೊ ಅವರ ತಂಡ 1990ರ ಡಿಸೆಂಬರಿನಲ್ಲಿ ಆರು ದಿನಗಳ ಕಾಲ ಧ್ವನಿ ಮತ್ತು ದೃಶ್ಯ ಎರಡರಲ್ಲಿಯೂ ದಾಖಲಿಸಿತು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಪ್ರಕಟವಾದಾಗ ಕೃತಿಯ ಶೀರ್ಷಿಕೆಯಲ್ಲಿಯೇ ಗಾಯಕನ ಹೆಸರಿತ್ತು. ವಿದೇಶದ ಸಹಯೋಗದ ಯೋಜನೆಯಾದ್ದರಿಂದ ಅಷ್ಟು ಕಾಲ ದೊರೆಯಿತೆಂದು ಹೇಳಬಹುದು. ಅದು ನಿಜವೂ ಹೌದು. ಆದರೆ ಹೆಸರು ಬರೆಯುವುದಕ್ಕೆ ಅನುದಾನ ಬೇಕಾಗುವುದಿಲ್ಲ.

ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಹಣ ನೀಡುವ ಸಂಸ್ಥೆಗಳು ಅಂದಾಜುಪಟ್ಟಿಯಲ್ಲಿ ಕಾಯುವ ದಿನಗಳಿಗೆ, ಊರಿನ ಭಾಷೆ ಬಲ್ಲವರಿಗೆ ಮತ್ತು ಚಿತ್ರವನ್ನು ಊರಿಗೆ ಮರಳಿಸುವುದಕ್ಕೆ ಪ್ರತ್ಯೇಕ ಬಾಬ್ತುಗಳನ್ನು ಕಡ್ಡಾಯಗೊಳಿಸಬೇಕು. ಮರಳಿ ತೋರಿಸಿದ ಬಳಿಕವೇ ಕೊನೆಯ ಕಂತು ಬಿಡುಗಡೆಯಾಗಬೇಕು. ಒಪ್ಪಿಗೆಯ ಪತ್ರ ಕಲಾವಿದನ ಭಾಷೆಯಲ್ಲಿದ್ದು, ಓದಿ ಹೇಳಿದ ಪ್ರಸಂಗವೇ ಧ್ವನಿಯಲ್ಲಿ ದಾಖಲಾಗಬೇಕು. ಗ್ರಂಥಾಲಯಗಳು ಸಿದ್ಧಚಿತ್ರದ ಜೊತೆಗೆ ಕತ್ತರಿಸದ ಸಾಮಗ್ರಿಯನ್ನೂ ಪಡೆದು, ಹೊಸ ಮಾಧ್ಯಮಕ್ಕೆ ಕಾಲಕಾಲಕ್ಕೆ ವರ್ಗಾಯಿಸಿ, ನಿರ್ದೇಶಕರ ಹೆಸರಿನ ಜೊತೆಗೆ ಪ್ರದರ್ಶಕರ ಹೆಸರು ಮತ್ತು ಊರಿನ ಅಡಿಯಲ್ಲಿಯೂ ಸೂಚಿ ಸಿದ್ಧಪಡಿಸಬೇಕು.

ಈ ಕೊನೆಯ ಕೆಲಸಕ್ಕೆ ಹೊಸ ಯೋಜನೆಯೂ ಬೇಕಿಲ್ಲ. ಈಗಾಗಲೇ ಕಪಾಟಿನಲ್ಲಿರುವ ಸುರುಳಿಗಳಿಂದಲೇ ಆರಂಭಿಸಬಹುದು. ಮುಳಬಾಗಿಲಿನ ಆ ಹಿರಿಯರು ಕೇಳಿದ ಸುರುಳಿಯೂ ಅಂತಹ ಒಂದು ಕಪಾಟಿನಲ್ಲಿಯೇ ಇದೆ.